ಹಡಗಲಿಯಲ್ಲಿ ಬಡಿದ ಗಂಗಾಳ

"ಹೆಣ್ಮಗಳು ನಾಟಕ ಕಲ್ತು ಡಿಗ್ರಿ ತಗಂತಾಳ? ಆಗದ ಮಾತು ಬಿಡು," ಅಂದವರು ಗುಡೇಕೋಟೆಯ ನಮ್ಮ ದೊಡ್ಡಪ್ಪ. ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲು.

ನಾಟಕದ ತರಗತಿಯಲ್ಲಿ ನಮಗೆ ಪಾಠ ಹೇಳಲು ಬಂದಿದ್ದ ಯಹೂದಿ ಗಾಯಕಿ, ಗಡ್ಡ ಅಂಟಿಸಿಕೊಂಡು ತಮ್ಮ ಧರ್ಮಗುರುಗಳನ್ನೇ ಅಣಕಿಸಿ ಹಾಡುತ್ತಿದ್ದರು. ಅವರ ಹಬ್ಬವೊಂದರಲ್ಲಿ ರಾಣಿಯ ಕಥೆ ಓದುವಾಗ, ದುಷ್ಟ ಮಂತ್ರಿಯ ಹೆಸರು ಯಾರಿಗೂ ಕೇಳಿಸದಂತೆ ಜನ ಗದ್ದಲ ಎಬ್ಬಿಸುತ್ತಾರಂತೆ. ಪದವಿಯ ಕೊನೆಯ ಪರೀಕ್ಷೆಗೆ ನಾನು ಆ ರಾಣಿಯ ಕಥೆಯನ್ನೇ ಹಡಗಲಿಯಲ್ಲಿ ನಾಟಕವಾಗಿ ಆಡಿದೆ. ಮಂತ್ರಿಯ ಹೆಸರು ಬಂದಾಗ ಬಡಿಯಲೆಂದು ಎಲ್ಲರ ಕೈಗೂ ಊಟದ ಗಂಗಾಳ ಕೊಟ್ಟಿದ್ದೆ. ದೇವರ ಕಥೆಯೆಂದು ಜನ ಅದನ್ನು ತೊಡೆಯ ಮೇಲಿಟ್ಟು ಕೈಮುಗಿದು ಕುಳಿತರು. ಹೆಸರು ಬಂದಾಗಲೆಲ್ಲ, ಗಡ್ಡ ಅಂಟಿಸಿಕೊಂಡ ನಾನೊಬ್ಬಳೇ ಬಡಿದೆ. ನಮ್ಮ ಮನೆಯವರು ಒಬ್ಬರೂ ಇರಲಿಲ್ಲ. ನಾನೇ ಯಾರನ್ನೂ ಕರೆದಿರಲಿಲ್ಲ. ಫೇಲಾದೆ ಅಂದುಕೊಂಡೇ ಬಸ್ಸು ಹತ್ತಿದೆ. ಕೂಡ್ಲಿಗಿಯವರೆಗೂ ಚೀಲದಲ್ಲಿ ಗಂಗಾಳಗಳು ಸದ್ದು ಮಾಡುತ್ತಲೇ ಇದ್ದವು.

ಆದರೂ ಪಾಸಾದೆ. ಸರ್ಟಿಫಿಕೇಟನ್ನು ದೊಡ್ಡಪ್ಪನ ಕೈಗಿಟ್ಟು ಆ ದಿನದ್ದೆಲ್ಲ ಹೇಳಿದೆ. ಅವರು ಅದನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು.

"ಅಲ್ಲವ್ವಾ, ಒಬ್ಬಾಕೀನೇ ಬಡಕೋಂತ ನಿಂತಿದ್ಯಾ? ಒಂದು ಮಾತು ಹೇಳಿದ್ರ ನಾ ಬರ್ತಿದ್ದಿಲ್ಲೇನು, ಮನಿ ಗಂಗಾಳ ತಗಂಡು?"