ತಲೆಗೆ ತಗಲದ ಚೆಂಡು

ಕಳೆದ ಭಾನುವಾರ, ಹಾಡುಹಗಲು, ಶಿವಮೊಗ್ಗದ ಕೋಟೆ ಬೀದಿಯಲ್ಲಿ ನನ್ನ ಅಜ್ಜಿ ನನಗೆ ಫುಟ್‌ಬಾಲ್ ಕೋಚಿಂಗ್ ಮಾಡಿದರು.

ನಗಬೇಡಿ. ಅಜ್ಜಿಗೆ ಎಂಬತ್ತು ದಾಟಿದೆ. ಕೆಂಪು ಸೀರೆ, ಮಡಿ, ಏಕಾದಶಿ ಎಲ್ಲ ಉಂಟು. ನನಗೆ ಮೂವತ್ತೇಳು. ಹಿಂದಿನ ದಿನವಷ್ಟೇ ಭದ್ರಾವತಿಯಲ್ಲಿ ಹಾರ ಹಾಕಿ, ಭಾಷಣ ಮಾಡಿ, ನನ್ನನ್ನು ಆಟದಿಂದ ಬೀಳ್ಕೊಟ್ಟಿದ್ದರು. ಹದಿನೇಳು ವರ್ಷ ಆಡಿ ರಿಟೈರ್ ಆದವನಿಗೆ ಮಾರನೇ ದಿನ ಮನೆಯಲ್ಲಿ ಟ್ರೇನಿಂಗ್! ಹೋದ ವಾರ ಪತ್ರಿಕೆಯ ಇದೇ ಜಾಗದಲ್ಲಿ ಭದ್ರಾವತಿಯ ಸೊಳ್ಳೆಗಳ ಬಗ್ಗೆ ಬರೆದಿದ್ದೆ. ಈ ವಾರ ನನ್ನ ಹಣೆಯ ಮೇಲಿನ ಬುಗುಟಿನ ಬಗ್ಗೆ ಬರೆಯಬೇಕಾಗಿದೆ.

ಮೊದಲಿನಿಂದಲೇ ಹೇಳುತ್ತೇನೆ.

ನಮ್ಮ ಕ್ಲಬ್ಬಿನ ಹೆಸರು ಫರ್ನೇಸ್ ಇಲೆವೆನ್. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯವರ ತಂಡ. ನಾನು ಎಡಗಡೆಯ ಬ್ಯಾಕ್. (ಬ್ಯಾಕ್ ಎಂದರೆ ನಮ್ಮ ಗೋಲಿನ ಮುಂದೆ ನಿಂತು, ಬಂದ ಚೆಂಡನ್ನೆಲ್ಲ ಆಚೆ ಒದೆಯುವವನು. ಗೋಲು ಹೊಡೆದವನ ಹೆಸರು ಊರಿಗೆಲ್ಲ ಗೊತ್ತು. ಆಗದೇ ಹೋದ ಗೋಲಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನೋಡಿದ್ದೀರಾ?) ಬಿಳಿಯರ ಸೀಮೆಯಲ್ಲಿ ಚೆಂಡು ಒದೆಯುವುದಕ್ಕೇ ಸಂಬಳವಂತೆ, ಅಂಥವರನ್ನು ಪ್ರೊಫೆಷನಲ್ ಅನ್ನುತ್ತಾರಂತೆ. ನಮ್ಮಲ್ಲಿ ಅದನ್ನು ಅಷ್ಟು ಬಾಯಿಬಿಟ್ಟು ಹೇಳುವುದಿಲ್ಲ. ಹೆಸರಿಗೆ ನಾನು ಹಾಜರಿ ಬರೆಯುವ ಟೈಮ್ ಆಫೀಸಿನ ಗುಮಾಸ್ತ. ಆದರೆ ಕೆಲಸಕ್ಕೆ ತೆಗೆದುಕೊಂಡ ದಿನ ನನ್ನ ಕೈಬರಹವನ್ನು ಯಾರೂ ಕೇಳಲಿಲ್ಲ. ಮೈದಾನಕ್ಕೆ ಕರೆದೊಯ್ದು ಎಡಗಾಲು ನೋಡಿದರು. ಕಾಲು ಪಾಸಾಯಿತು.

ನೋಡಿದವರು ಆರುಮುಗಂ ಮೇಸ್ತ್ರಿ. ಸೇಲಂ ಕಡೆಯವರು, ಫೌಂಡ್ರಿಯಲ್ಲಿ ಕೆಲಸ. ಆಗ ನಮ್ಮ ಕ್ಯಾಪ್ಟನ್, ಈಗ ಹೊಟ್ಟೆ ಬಂದು ಟೀಮ್ ಮ್ಯಾನೇಜರ್. "ಸೋಮವಾರ ಬಂದು ಸೇರ್ಕೋ ಸಾಮಿ" ಅಂದರು. ನಾನು ರೈಲು ಹತ್ತಿ ಶಿವಮೊಗ್ಗದ ಕೋಟೆಗೆ, ಅಜ್ಜಿಯ ಹತ್ತಿರ ಓಡಿದೆ. ಅಪ್ಪ ಅಮ್ಮ ಇಬ್ಬರೂ ನನ್ನ ಚಿಕ್ಕಂದಿನಲ್ಲೇ ಹೋದವರು. ನನ್ನನ್ನು ಸಾಕಿ, ಓದಿಸಿ, ಬೈದು, ಒಂದು ಆಳು ಮಾಡಿದವರು ಅಜ್ಜಿಯೇ.

ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಚೆಂಡು ಯಾತರದ್ದೋ?"

"ಚರ್ಮದ್ದು."

ನಮ್ಮದು ಪುರೋಹಿತರ ಮನೆ. ಚರ್ಮದ ಪರ್ಸು ಇದ್ದವರು ಅದನ್ನು ಜಗಲಿಯ ಗೂಟಕ್ಕೆ ತಗುಲಿಸಿಯೇ ಒಳಗೆ ಬರಬೇಕು. ಅಜ್ಜಿ ಯೋಚನೆಗೆ ಕುಳಿತರು. ಅವರು ಯಾವ ಗಂಭೀರ ತೀರ್ಮಾನವನ್ನೂ ಕಾಫಿಯಿಲ್ಲದೆ ಮಾಡಿದವರಲ್ಲ. ಎರಡು ಲೋಟ ಮುಗಿದ ಮೇಲೆ ತೀರ್ಪು ಬಂತು.

"ಕಾಲಿಗೆ ತಗಲಿದ್ರೆ ದೋಷ ಇಲ್ಲ. ಲೋಕವೆಲ್ಲ ಚಪ್ಪಲಿ ಮೆಟ್ಟಲ್ವೇ? ಮೈಗೆ ತಗಲಿದ್ರೆ ಸ್ನಾನ ಮಾಡು. ಕೈಗೆ ಮಾತ್ರ ಮುಟ್ಟಿಸ್ಕೋಬೇಡ."

"ಕೈಗೆ ತಗಲಿದ್ರೆ ರೆಫರಿನೇ ಬಿಡಲ್ಲ ಅಜ್ಜಿ."

"ಹೌದಾ? ಯಾರೋ ಒಳ್ಳೇ ಮನೆತನದವರೇ ಇರ್ಬೇಕು. ಆದ್ರೆ ತಲೆಗೆ ತಗಲಕೂಡದು. ತೀರ್ಥ ಸವರ್ಕೊಳ್ಳೋ ತಲೆ ಅದು, ಅಕ್ಷತೆ ಬೀಳೋ ತಲೆ."

ಅಷ್ಟಕ್ಕೇ ಬಿಡಲಿಲ್ಲ. ನನ್ನ ಬಲಗೈ ಎಳೆದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. "ಆಣೆ ಮಾಡು. ಚರ್ಮ ನಿನ್ನ ತಲೆಗೆ ತಗಲಿದ ದಿನ ನಾನಿಲ್ಲ ಅಂತ ತಿಳ್ಕೋ."

ಇಪ್ಪತ್ತು ವರ್ಷದವನು ನಾನು. ಜಗತ್ತಿನಲ್ಲಿ ನನ್ನವರು ಅಂತ ಇದ್ದದ್ದು ಅವರೊಬ್ಬರೇ. ಆಣೆ ಮಾಡಿದೆ.

ಈಗ ನೀವೇ ಹೇಳಿ, ಎದುರಿನವನು ಒದ್ದ ಚೆಂಡಿಗೆ ನಮ್ಮ ಮನೆಯ ಮಡಿ ಗೊತ್ತಿರುತ್ತದೆಯೇ? ಅದು ಸೀದಾ ತಲೆಗೇ ಬರುತ್ತದೆ. ಬೇರೆ ಬ್ಯಾಕುಗಳು ಹಣೆ ಕೊಟ್ಟು ಆಚೆ ತಳ್ಳುತ್ತಾರೆ. ನಾನೇನು ಮಾಡಲಿ? ಬೆನ್ನು ನೆಲದ ಕಡೆ ಮಾಡಿ, ಗಾಳಿಯಲ್ಲಿ ಹಾರಿ, ಬರಿಗಾಲನ್ನು ಕಿವಿಗಿಂತ ಮೇಲೆತ್ತಿ ಒದೆಯತೊಡಗಿದೆ. ಅಂದರೆ ಲಾಗ ಹಾಕತೊಡಗಿದೆ. ಹಾಕಿ ಹಾಕಿ ಬೆನ್ನಿನ ಸಿಪ್ಪೆ ಎದ್ದುಹೋಯಿತು. ಆದರೆ ಜನ ಹುಚ್ಚೆದ್ದರು! ಇದೇನೋ ಹೊಸ ಸ್ಟೈಲ್ ಎಂದುಕೊಂಡರು. "ಲಾಗದ ಭಟ್ರು" ಅಂತ ಹೆಸರಾಯಿತು. ಚೆಂಡು ಇನ್ನೊಂದು ತುದಿಯಲ್ಲಿರುವಾಗಲೂ "ಒಂದು ಲಾಗ ಹಾಕ್ರೀ ಭಟ್ರೇ!" ಎಂದು ಕೂಗುತ್ತಿದ್ದರು.

ಆರುಮುಗಂ ಮೇಸ್ತ್ರಿ ಮಾತ್ರ ಮರುಳಾಗಲಿಲ್ಲ. "ಎಲ್ಲಾ ಸರಿ ಸಾಮಿ, ತಲೆ ಯಾಕೆ ಹಾಕಲ್ಲ?"

ನಿಜ ಹೇಳಬಹುದಿತ್ತು. ಆದರೆ ಒಂದೇ ಕೊಡದ ನೀರು ಕುಡಿಯುವ ಹನ್ನೊಂದು ಜನರ ಎದುರು, ನನ್ನ ತಲೆ ಮಾತ್ರ ಮಡಿ ಎಂದು ಯಾವ ಬಾಯಲ್ಲಿ ಹೇಳಲಿ? ನಾಚಿಕೆಯಾಯಿತು. "ತಲೆನೋವಿನ ಕಾಯಿಲೆ ಇದೆ ಮೇಸ್ತ್ರಿ. ಚೆಂಡು ತಗಲಿದ್ರೆ ಮೂರು ದಿನ ಏಳಕ್ಕಾಗಲ್ಲ" ಅಂದುಬಿಟ್ಟೆ. ಪುಣ್ಯಾತ್ಮ ಅಷ್ಟಕ್ಕೇ ಬಿಡಬೇಕಲ್ಲ? ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ನನ್ನ ಕಣ್ಣು ನೋಡಿ, ನಾಲಿಗೆ ನೋಡಿ, ಒಂದು ಬಾಟಲಿ ನೋವಿನ ಮುಲಾಮು ಕೊಟ್ಟರು. ಆಮೇಲೆ ಪ್ರತಿ ಸೀಸನ್ನಿಗೂ ಮೇಸ್ತ್ರಿಯೇ ಮರೆಯದೆ ಒಂದು ಬಾಟಲಿ ತಂದು ಕೊಡುತ್ತಿದ್ದರು. ಬೇರೆ ಊರಿನ ಕ್ಲಬ್ಬಿನವರು ಒಂದೆರಡು ಸಲ ನನ್ನನ್ನು ಕರೆದರು. ನಾನು ಹೋಗಲಿಲ್ಲ. (ಹೊಸ ಕ್ಯಾಪ್ಟನ್‌ಗೆ ಮತ್ತೆ ಮೊದಲಿನಿಂದ ಸುಳ್ಳು ಹೇಳಬೇಕಲ್ಲ!)

ಇಲ್ಲದ ತಲೆನೋವಿನ ಮುಲಾಮು ನಾನೇನು ಮಾಡಲಿ? ಅಜ್ಜಿಗೆ ಕೊಡುತ್ತಿದ್ದೆ.

ಅದಕ್ಕೂ ಸರಿಹೋಗುತ್ತಿತ್ತು ನೋಡಿ. ಮ್ಯಾಚು ಭಾನುವಾರ. ಮೂರು ದಿನ ಮೊದಲೇ ಕೋಟೆಗೆ ಕಾರ್ಡು ಹಾಕುತ್ತಿದ್ದೆ: "ಭಾನುವಾರ ಮ್ಯಾಚ್ ಇದೆ. ಮುಗಿಸಿಕೊಂಡು ಸಂಜೆಯ ರೈಲಿಗೆ ಬರುತ್ತೇನೆ." ಬಂದಾಗಲೆಲ್ಲ ಅಜ್ಜಿ ತಲೆಗೆ ಒದ್ದೆ ಬಟ್ಟೆ ಬಿಗಿದುಕೊಂಡು ಮಲಗಿರುತ್ತಿದ್ದರು.

"ಏನಾಯ್ತು ಅಜ್ಜಿ?"

"ಏನಿಲ್ಲ ಕಣೋ, ಬಿಸಿಲು."

ನಾನು ಮುಲಾಮಿನ ಬಾಟಲಿ ಅವರ ಪಕ್ಕ ಇಟ್ಟು ಊಟಕ್ಕೆ ಕೂರುತ್ತಿದ್ದೆ. ನಮ್ಮ ಫುಟ್‌ಬಾಲ್ ಸೀಸನ್ ಮಳೆಗಾಲದಲ್ಲಿ. ತುಂಗೆ ಮೆಟ್ಟಿಲು ಹತ್ತುವಷ್ಟು ಮಳೆ ಬರುವ ದಿನವೂ ಅಜ್ಜಿ ಬಿಸಿಲು ಅನ್ನುತ್ತಿದ್ದರು. ನಾನೂ ಹೌದು ಅನ್ನುತ್ತಿದ್ದೆ.

ಆಣೆಯ ಬಿಸಿ ನಿಜವಾಗಿ ತಟ್ಟಿದ್ದು ಮೂರು ವರ್ಷದ ಹಿಂದೆ, ಕಪ್ ಫೈನಲ್‌ನಲ್ಲಿ. ಶಿವಮೊಗ್ಗದಲ್ಲೇ ಆಟ, ಶಿವಮೊಗ್ಗದವರ ಮೇಲೇ ಆಟ. ಒಂದಕ್ಕೆ ಒಂದು ಗೋಲು. ಇನ್ನೇನು ಮುಗಿಯಬೇಕು, ಒಂದು ಚೆಂಡು ಎತ್ತರವಾಗಿ ಬಂತು. ನಮ್ಮ ಕೀಪರ್ ಜಾರಿ ಬಿದ್ದಿದ್ದಾನೆ. ಗೋಲಿನ ಬಾಯಲ್ಲಿ ನಾನೊಬ್ಬನೇ. ಚೆಂಡು ಸರಿಯಾಗಿ ನನ್ನ ಹಣೆಯ ನೇರಕ್ಕೆ. ಲಾಗ ಹಾಕೋಣವೆಂದರೆ ಅವರ ಫಾರ್ವರ್ಡ್ ಗಫೂರ್ ಎದೆಗೆ ಎದೆ ಕೊಟ್ಟು ನಿಂತಿದ್ದಾನೆ, ಕಾಲೆತ್ತಿದರೆ ಅವನ ಹಲ್ಲು ಹೋಗುತ್ತದೆ. ತಲೆ ಕೊಟ್ಟರೆ ಕಪ್ಪು ಉಳಿಯುತ್ತದೆ. ಕೊಟ್ಟರೆ ಅಜ್ಜಿ?

ಬಗ್ಗಿದೆ. ಚೆಂಡು ನನ್ನ ತಲೆಯ ಮೇಲಿಂದ ಹಾದು ಒಳಗೆ ಹೋಯಿತು.

"ಶುಕ್ರಿಯಾ ಭಟ್ರೇ!" ಅಂದ ಗಫೂರ್. ಮೇಸ್ತ್ರಿ ಏನೋ ತಮಿಳಿನಲ್ಲಿ ಅಂದರು, ಅದರ ಅರ್ಥ ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ. ನನಗೆ ಅದ್ಯಾವುದೂ ಬೇಕಿರಲಿಲ್ಲ. ಚೆಂಡು ಹೋಗುವಾಗ ಕೂದಲಿಗೆ ಸವರಿತೇ, ಇಲ್ಲವೇ? ಒಂದು ಗಾಳಿಯಂತೂ ತಾಗಿತ್ತು. ಕೂದಲು ತಲೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಮೈದಾನದಿಂದ ಕೋಟೆಯವರೆಗೆ ಕೆಸರು ಮೈಯಲ್ಲೇ ಓಡಿದೆ. ಬಾಗಿಲು ತಳ್ಳಿದರೆ ಅಜ್ಜಿ ನೆಲದ ಮೇಲೆ ಉದ್ದಕ್ಕೆ ಮಲಗಿದ್ದಾರೆ, ಕಣ್ಣು ಮುಚ್ಚಿದೆ. "ಅಜ್ಜೀ!" ಎಂದು ಚೀರಿದೆ.

"ಕಿರುಚಬೇಡ್ವೋ. ತಲೆ ಸಿಡೀತಿದೆ."

ಇದ್ದಾರೆ! ಬಾಗಿಲಲ್ಲೇ ಕುಸಿದು ಕುಳಿತು ಅತ್ತುಬಿಟ್ಟೆ. ಕಪ್ಪು ಹೋದದ್ದಕ್ಕೆ ಅಳುತ್ತಿದ್ದೇನೆಂದು ಅಜ್ಜಿ ತಿಳಿದರು. ಮೇಸ್ತ್ರಿ ಒಂದು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಮುಲಾಮು ಮಾತ್ರ ಆ ವರ್ಷವೂ ಬಂತು.

ಹೀಗೆ ಹದಿನೇಳು ಸೀಸನ್, ಒಂದೇ ಕ್ಲಬ್ಬು. ಈ ವರ್ಷ ಲಾಗ ಹಾಕಿದರೆ ಏಳಲು ಇಬ್ಬರು ಬೇಕಾಗತೊಡಗಿತು. ಶನಿವಾರ ಬೀಳ್ಕೊಡುಗೆಯಾಯಿತು. ಕಾರ್ಖಾನೆಯ ಸಾಹೇಬರು ನನ್ನ ಲಾಗವನ್ನು ಹೊಗಳಿದರು, ಕ್ಲಬ್ ಬಿಡದ ನಿಷ್ಠೆಯನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು. ಕೊನೆಗೆ ಮೇಸ್ತ್ರಿ ಒಂದು ಹಳೇ ಮ್ಯಾಚ್ ಚೆಂಡನ್ನು ಎಣ್ಣೆ ಹಚ್ಚಿ ತಿಕ್ಕಿ ನನ್ನ ಕೈಗಿಟ್ಟರು. "ಯುದ್ಧದ ಟೈಮು. ಅಂಗಡೀಲಿ ಬೇರೆ ಏನೂ ಸಿಗ್ಲಿಲ್ಲ ಸಾಮಿ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಭಾನುವಾರ ಬೆಳಿಗ್ಗೆ ಚೆಂಡನ್ನು ಜಗಲಿಯಲ್ಲೇ ಬಿಟ್ಟು ಒಳಗೆ ಹೋದೆ. ಅಜ್ಜಿ ಕಾಫಿ ಕುಡಿಯುತ್ತಿದ್ದರು. ನಾನು ಎದುರಿಗೆ ಕುಳಿತು, ಎದೆ ಸ್ವಲ್ಪ ಮುಂದೆ ಮಾಡಿ, ಈ ಮಾತಿಗೆಂದೇ ಹದಿನೇಳು ವರ್ಷ ಕಾದವನಂತೆ ಹೇಳಿದೆ.

"ಆಟ ಮುಗೀತು ಅಜ್ಜಿ. ನಿನ್ನ ಆಣೆ ಉಳಿಸ್ಕೊಂಡೆ. ಇಷ್ಟು ವರ್ಷದಲ್ಲಿ ಒಂದು ಸಲಾನೂ ಚೆಂಡು ತಲೆಗೆ ತಗಲಲಿಲ್ಲ."

ಅಜ್ಜಿ ಲೋಟ ಕೆಳಗಿಟ್ಟರು. "ಏನಂದೆ?"

"ತಗಲಲಿಲ್ಲ."

"ಒಂದ್ಸಲಾನೂ?"

"ಒಂದ್ಸಲಾನೂ."

"ಅಯ್ಯೋ ನಿನ್ನ ಮನೆ ಹಾಳಾಗ!" ಅಂದರು ಅಜ್ಜಿ. (ಅದು ಅವರ ಮನೆಯೂ ಹೌದೆಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.)

ಆಮೇಲೆ ಹೊರಬಂತು ಸಂಗತಿ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಅಜ್ಜಿ ಎದುರು ಮನೆಯ ಡ್ರಿಲ್ ಮೇಷ್ಟ್ರನ್ನು ವಿಚಾರಿಸಿದ್ದರು. ತಲೆಗೆ ತಗಲಿಸಿಕೊಳ್ಳದೆ ಆ ಆಟ ಆಡಬಹುದೇ? "ಸಾಧ್ಯವೇ ಇಲ್ಲ ಅಮ್ಮ. ಬ್ಯಾಕ್ ಅಂದ್ಮೇಲೆ ಮ್ಯಾಚಿಗೆ ಹತ್ತು ಸಲನಾದ್ರೂ ತಗಲತ್ತೆ" ಅಂದಿದ್ದರಂತೆ ಮೇಷ್ಟ್ರು.

"ಆಣೆ ಹಾಕಿಸಿದ್ದು ನಾನು. ಮುರಿಯೋನು ನೀನು. ಪಾಪ ನಿನಗೆ ತಟ್ಟಬಾರದಲ್ಲ. ಜೋಯಿಸರನ್ನ ಕೇಳಿದೆ. ಪ್ರಿಯವಾದ್ದೊಂದನ್ನ ಬಿಡಿ ಅಂದ್ರು. ಮ್ಯಾಚಿನ ದಿನ ಕಾಫಿ ಬಿಟ್ಟೆ."

"ಎಲ್ಲಾ ಮ್ಯಾಚಿಗೂ?"

"ನೀನು ಕಾರ್ಡು ಹಾಕ್ದಾಗಲೆಲ್ಲ."

"ಪ್ರಾಕ್ಟೀಸಿಗೆ?"

"ಅದಕ್ಕೆ ಏಕಾದಶಿ ಸಾಕು ಅಂದ್ಕೊಂಡೆ."

"ಆಣೆ ವಾಪಸ್ ತಗೋಬಹುದಿತ್ತಲ್ಲ ಅಜ್ಜಿ? ಇಲ್ಲಾ ಆಟ ಬಿಡು ಅನ್ನಬಹುದಿತ್ತು."

"ವಾಪಸ್ ತಗೊಂಡ್ರೆ ನಿನಗೆ ಭಯ ಇರ್ತಿತ್ತೇನೋ? ತಲೆ ಒಡ್ಕೊಂಡು ಬರ್ತಿದ್ದೆ. ಬಿಡು ಅನ್ನಕ್ಕೆ ಮನಸ್ಸು ಬರ್ಲಿಲ್ಲ. ಗೆದ್ದು ಬಂದ ದಿನ ನಿನ್ನ ಮುಖ ಹೆಂಗಿರ್ತಿತ್ತು, ನಂಗೊತ್ತಿಲ್ವೇ?"

ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವ ಜೀವ ಒಂದು ದಿನ ಪೂರ್ತಿ ಬಿಟ್ಟರೆ ಏನಾಗುತ್ತದೆ? ತಲೆ ಸಿಡಿಯುತ್ತದೆ. ಅದೇ ಆ ಬಿಸಿಲು! ತಲೆನೋವು ಎಂದು ನಾನು ಭದ್ರಾವತಿಯಲ್ಲಿ ಸುಳ್ಳು ಹೇಳಿದೆ, ಅದನ್ನು ನಿಜವಾಗಿ ಅನುಭವಿಸಿದವರು ಕೋಟೆಯಲ್ಲಿ ಅಜ್ಜಿ. ಅದೂ ನಾನು ಮಾಡದ ತಪ್ಪಿಗೆ.

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಅಜ್ಜಿಗೆ ಮಾತ್ರ ಕೋಪ. "ಅಷ್ಟೂ ಕಾಫಿ ದಂಡ! ಏಳು ಮೇಲೆ! ಪ್ರಾಯಶ್ಚಿತ್ತ ಎಲ್ಲಾ ಆಗಿಹೋಗಿದೆ, ಪಾಪ ಮಾತ್ರ ಇನ್ನೂ ಆಗಿಲ್ಲ. ಎಲ್ಲಿ ಆ ಚೆಂಡು?"

ಹೀಗೆ ನಾನು ನಡುಬೀದಿಯಲ್ಲಿ ನಿಂತೆ. ಅಜ್ಜಿ ಜಗಲಿಯ ಮೇಲೆ. ಚೆಂಡು ಎಸೆಯಲು ಡ್ರಿಲ್ ಮೇಷ್ಟ್ರಿಗೇ ಬುಲಾವ್. (ಅವರಿಗೂ ಈಗ ಎಪ್ಪತ್ತು. ಇಷ್ಟಕ್ಕೆಲ್ಲ ಕಾರಣ ತಾವೇ ಎಂದು ತಿಳಿದು ಮೆತ್ತಗಾಗಿದ್ದರು.) ಬೀದಿಯ ಜನವೆಲ್ಲ ಬಾಗಿಲಿಗೆ ಬಂದರು.

ಮೊದಲ ಚೆಂಡು ಮೂಗಿಗೆ ಬಿತ್ತು. "ಮೂಗು ಲೆಕ್ಕಕ್ಕಿಲ್ಲ. ಇನ್ನೊಂದು!" ಅಂದರು ಅಜ್ಜಿ. ಎರಡನೆಯದಕ್ಕೆ ಅಭ್ಯಾಸಬಲದಿಂದ ಬಗ್ಗಿದೆ. "ಹೇಡಿ!" ಮೂರನೆಯದಕ್ಕೆ ನನಗೇ ಗೊತ್ತಿಲ್ಲದೆ ಲಾಗ ಬಂದುಬಿಟ್ಟಿತು. ಜನ ಚಪ್ಪಾಳೆ ತಟ್ಟಿದರು, ಇಬ್ಬರು ಬಂದು ಎಬ್ಬಿಸಿದರು. "ಕಣ್ಣು ಬಿಟ್ಕೊಂಡು ನಿಂತ್ಕೊಳ್ಳೋ, ಅದೇನು ಹುಲಿಯೇ?" ಎಂದು ಅಜ್ಜಿ ಗದರಿದರು. ಹದಿನೇಳು ವರ್ಷ ಬ್ಯಾಕ್ ಆಡಿದವನಿಗೆ!

ನಾಲ್ಕನೆಯದು ಬಂತು. ಕಾಲು ನೆಲಕ್ಕೆ ಊರಿದೆ. ಹಣೆಗೆ ಧಡ್ ಎಂದು ಬಡಿಯಿತು. ಕಣ್ಣು ಕತ್ತಲೆ ಬಂತು.

ಕಣ್ಣು ಬಿಟ್ಟು ಮೊದಲು ನೋಡಿದ್ದು ಚೆಂಡನ್ನಲ್ಲ. ಜಗಲಿಯನ್ನು. ಪ್ರಾಯಶ್ಚಿತ್ತ ಆಗಿದೆ, ಎಲ್ಲ ಸರಿ, ಆದರೂ ಅಜ್ಜಿ ಇದ್ದಾರೋ ಇಲ್ಲವೋ? ಅಜ್ಜಿ ಕಂಬ ಹಿಡಿದು ನಿಂತಿದ್ದರು. ಹಲ್ಲಿಲ್ಲದ ಬಾಯಿ ತೆರೆದು, ಮೈಯೆಲ್ಲ ಕುಲುಕುವ ಹಾಗೆ ನಗುತ್ತಿದ್ದರು.

"ತಗಲ್ತು! ಹೋಗು, ಸ್ನಾನ ಮಾಡ್ಕೊಂಡ್ ಬಾ. ಕಾಫಿ ಇಡ್ತೀನಿ."

ಸ್ನಾನ ಮಾಡಿ ಬಂದು ಕುಳಿತೆ. ತಲೆ ಸಿಡಿಯುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ, ಮೇಸ್ತ್ರಿಗೆ ಹೇಳಿದ ಸುಳ್ಳು ನಿಜವಾಗಿತ್ತು. ಅಜ್ಜಿ ಗೂಡಿನಿಂದ ಆ ಮುಲಾಮಿನ ಬಾಟಲಿ ತೆಗೆದು, ಬೆರಳಿಗೆ ಹಚ್ಚಿಕೊಂಡು, ನನ್ನ ಹತ್ತಿರ ಬಗ್ಗಿ ಕೇಳಿದರು: "ಎಲ್ಲಿ ನೋಯ್ತಿದೆ ಮಗಾ?"

ಆ ಬಾಟಲಿಯನ್ನು ಪ್ರತಿ ವರ್ಷ ಅವರ ಪಕ್ಕ ಇಟ್ಟು ಊಟಕ್ಕೆ ಕುಳಿತವನು ನಾನು. ಈ ಒಂದು ಪ್ರಶ್ನೆಯನ್ನು ಒಂದು ಭಾನುವಾರವಾದರೂ ಕೇಳಿದ್ದೆನೇ?