ಯಮನೂರಪ್ಪನ ವಿಮಾನ ಮತ್ತು ಒದ್ದೆ ಹೂವು

ಶಾಲು ಹೊದಿಸುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ವೇದಿಕೆ, ಆ ಮೈಕು, ಆ ಗುಲಾಬಿ ಹಾರ, ಹಲ್ಲುಕಿರಿಯುತ್ತ ಫೋಟೋಕ್ಕೆ ನಿಲ್ಲುವುದು, ಥೂ! ಯಾಕಿಷ್ಟು ಸಿಟ್ಟು ಎಂದು ಕೇಳಿದವರಿಗೆಲ್ಲ ನಾನು ಯಮನೂರಪ್ಪನ ಕಥೆ ಹೇಳುತ್ತೇನೆ.

ಯಮನೂರಪ್ಪ ಕುರ್ಡಿ ಹಳ್ಳಿಯ ಕುರಿ ಕಾಯುವ ಮನೆತನದವನು. ಮಾನ್ವಿಯ ಬಸ್ ನಿಲ್ದಾಣದ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಪಕ್ಕದ ಬಾಡಿಗೆ ಮನೆಯಲ್ಲಿ ನಾನಿದ್ದೆ, ಹಿಂದಿ ಮಾಸ್ತರ ಶೇಷಗಿರಿ. ಎಂಬತ್ತರ ದಶಕದ ನಡುವಿನ ಮಾತು. ರಾಯಚೂರಿನಲ್ಲಿ ಉಳ್ಳವರು ಟಿ.ವಿ. ಕೊಂಡು, ಪೆಟ್ಟಿಗೆಯೊಳಗಿನ ಥರ್ಮಾಕೋಲನ್ನು ಬೀದಿಗೆ ಎಸೆಯುತ್ತಿದ್ದ ಕಾಲ. ಇವನು ಅದನ್ನು ಆರಿಸಿ, ಗೋಣಿಚೀಲಕ್ಕೆ ತುಂಬಿ, ಕಂಡಕ್ಟರನ ಕೈಲಿ ಬೈಸಿಕೊಳ್ಳುತ್ತ ಬಸ್ಸಿನಲ್ಲಿ ತರುತ್ತಿದ್ದ. ಕರೆಂಟ್ ಒಲೆಯ ತಂತಿಯನ್ನು ಬಿಲ್ಲಿನ ಹಾಗೆ ಬಿಗಿದು ಕಾಯಿಸಿ, ಅದರಿಂದ ರೆಕ್ಕೆ ಕೊಯ್ಯುತ್ತಿದ್ದ. ಮೇಲೆ ಮೈದಾ ಅಂಟಿನಲ್ಲಿ ಹಳೇ ಪೇಪರ್ ಹಚ್ಚಿ ನೆರಳಿನಲ್ಲಿ ಒಣಗಿಸುತ್ತಿದ್ದ. ಹಾಗೆ ಮೊಳಕೈಯುದ್ದದ ರೆಕ್ಕೆಗಳ ವಿಮಾನ ಆಗುತ್ತಿತ್ತು.

ಹಾರಿಸುವುದಕ್ಕೆ ಬೇಕಾದದ್ದು ಮಾತ್ರ ಒಂದೇ ಒಂದಿತ್ತು. ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಲ್ಲಿ ಅವನಿಗೆ ಸಿಕ್ಕ ಜಪಾನಿನ ಸೆಟ್ಟು ಅದು. ಕೈಯಲ್ಲಿ ಹಿಡಿಯುವ ಡಬ್ಬಿಗೆ ಉದ್ದನೆಯ ಆಂಟೆನಾ. ವಿಮಾನದ ಹೊಟ್ಟೆಯೊಳಗೆ ಇಡುವ, ಬೆಂಕಿಪೊಟ್ಟಣದಷ್ಟೇ ಇರುವ ರಿಸೀವರ್. ಡಬ್ಬಿ ಹೇಳಿದ್ದನ್ನು ಅದು ಕೇಳಬೇಕು, ಆಗಲೇ ವಿಮಾನ ತಿರುಗುವುದು. ವಿಮಾನ ಮುರಿದರೆ ಇನ್ನೊಂದು ಕೊಯ್ದಾನು. ರಿಸೀವರ್ ಒಡೆದರೆ ಅವನ ಹಾರಾಟ ಅಲ್ಲಿಗೇ ಮುಗಿಯಿತು. ಅದಕ್ಕೇ ಅದನ್ನು ಸ್ಪಂಜಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಇಡುತ್ತಿದ್ದ.

ಹೊಸ ವಿಮಾನವನ್ನು ಮೊದಲು ಎಂಜಿನ್ ಇಲ್ಲದೆ ಕಾಲುವೆಯ ಏರಿಯ ಮೇಲಿಂದ ಕೊಯ್ಲಾದ ಗದ್ದೆಗೆ ತೂರುತ್ತಿದ್ದ. ಮೂಗು ಕುಕ್ಕಿದರೆ ಬಾಲಕ್ಕೆ ಭಾರಕ್ಕೊಂದು ಮೊಳೆ, ಬಾಲ ಜಗ್ಗಿದರೆ ಮೂಗಿಗೆ ಮೊಳೆ. ಕೊನೆಗೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ ನೋಡುತ್ತಿದ್ದ. ಅತ್ತಿತ್ತ ವಾಲದೆ ನಿಂತರೆ ಮಾತ್ರ ಎಂಜಿನ್ನಿಗೆ ಸ್ಪಿರಿಟ್ಟು, ಹರಳೆಣ್ಣೆ. ನನ್ನ ಹೆಂಡತಿ ಅನಸೂಯಾಬಾಯಿಗೆ ಆ ಸುಟ್ಟ ಹರಳೆಣ್ಣೆಯ ನಾತಕ್ಕೆ ತಲೆಸುತ್ತು ಬರುತ್ತಿತ್ತು. ಆದರೂ ವಿಮಾನ ಗದ್ದೆಯ ಮೇಲೆ ಸುತ್ತು ಹಾಕುವಾಗ ಸೆರಗು ಹಣೆಗೆ ಅಡ್ಡ ಹಿಡಿದು ನೋಡುತ್ತ ನಿಂತುಬಿಡುತ್ತಿದ್ದಳು. ಕೆಳಗೆ ಆ ಪುಣ್ಯಾತ್ಮ ಬಾಯಿ ತೆರೆದುಕೊಂಡು, ಕತ್ತು ಮೇಲೆ ಮಾಡಿಕೊಂಡು ನಿಂತಿರುತ್ತಿದ್ದ. ಅವನಿಗೆ ಬೇರೆ ಚಟವಿರಲಿಲ್ಲ.

ಇಂಥವನ ಮೇಲೆ ಶರಣಯ್ಯ ಸಾಹುಕಾರನ ಕಣ್ಣು ಬಿತ್ತು. ಹೊಸ ಅಕ್ಕಿ ಗಿರಣಿ ಕಟ್ಟಿಸಿದ್ದ. ಅದರ ಉದ್ಘಾಟನೆ, ಜೊತೆಗೆ ತನಗೆ ತಾನೇ ಸನ್ಮಾನ. ತನ್ನ ತಲೆಯ ಮೇಲೆ ವಿಮಾನದಿಂದ ಹೂಮಳೆ ಸುರಿಯಬೇಕಂತೆ! ದೇವದುರ್ಗದ ಬೀಗರೆಲ್ಲ ಬಂದು ನೋಡಬೇಕಂತೆ! ಈ ಆಸೆಗೆ ಏನನ್ನಬೇಕು? ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತು, ಎಲೆಯಡಿಕೆ ಅಗಿಯುತ್ತ ಅಪ್ಪಣೆ ಕೊಡಿಸಿದ.

"ಹೂವು ಹೊರೂದಲ್ರಿ ಅದು. ಭಾಳ ಹಗೂರ ಅದ," ಎಂದ ಯಮನೂರಪ್ಪ.

"ಈ ವಯರ್‌ಲೆಸ್ಸಿಗೆ ಲೈಸನ್ಸ್ ಅದ ಏನ್ಲೇ?" ಎಂದ ಸಾಹುಕಾರ, ನಗುತ್ತಲೇ.

"ಅರ್ಜಿ ಹಾಕೀನ್ರಿ. ಇನ್ನಾ ಬಂದಿಲ್ರಿ."

"ಮತ್ತ? ನಾ ಒಂದ್ ಮಾತು ಅಂದ್ರ ಪೊಲೀಸರು ಹೊತಗೊಂಡು ಹೋಗ್ತಾರ. ಹಾರಸ್ಲೇ, ಶಾಲು ಹೊದಸ್ತೀವಿ ನಿನಗ."

ಬೆದರಿಕೆಯನ್ನೂ ಶಾಲನ್ನೂ ಒಂದೇ ಉಸಿರಿನಲ್ಲಿ ಕೊಡುವ ಇಂಥವರ ನಾಲಿಗೆಗೆ ಏನಾಗಬೇಕೋ! ಯಮನೂರಪ್ಪ ಸೆಟ್ಟನ್ನು ಉಳಿಸಿಕೊಳ್ಳಲಿಕ್ಕೆ ಒಪ್ಪಿದ.

ಒಪ್ಪಿದ ಮೇಲೆ ಕೆಲಸ ಮಾತ್ರ ಚೊಕ್ಕ. ವಿಮಾನದ ಹೊಟ್ಟೆಗೆ, ಕೆಳಗಿನಿಂದಲೇ ಡಬ್ಬಿಯಿಂದ ತೆರೆಯುವಂಥ ರಟ್ಟಿನ ಬಾಗಿಲು ಮಾಡಿದ. ಹಸಿ ಹೂವು ಭಾರವೆಂದು ಚೆಂಡುಹೂವಿನ ಎಸಳು ಬಿಡಿಸಿ, ಅವನ ಹೆಂಡತಿ ಯಂಕಮ್ಮ ಮಾಳಿಗೆಯ ಮೇಲೆ ಸೀರೆ ಹಾಸಿ ಒಣಗಿಸಿದಳು. ಗದ್ದೆಯ ಮೇಲೆ ಹಾರಿಸಿ ಬಾಗಿಲು ಬಿಟ್ಟಾಗ ಎಸಳುಗಳು ಹಳದಿಯಾಗಿ ಗಾಳಿಯಲ್ಲಿ ತೇಲಿ ಇಳಿದವು. ಯಂಕಮ್ಮ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಉದ್ಘಾಟನೆಯ ದಿನ ಗಿರಣಿಯ ಹಿಂದೆ, ಭತ್ತ ಒಣಹಾಕುವ ಸಿಮೆಂಟು ಕಣದಲ್ಲಿ ಪೆಂಡಾಲು. ಮುಂದೆ ಜಮಖಾನೆಯ ಮೇಲೆ ಹೆಂಗಸರು, ಮಕ್ಕಳು. ಒಬ್ಬನಾದ ಮೇಲೆ ಒಬ್ಬ ಎದ್ದು ಸಾಹುಕಾರನನ್ನು ಹೊಗಳಿದ್ದೇ ಹೊಗಳಿದ್ದು. ನಡುವೆ ಯಮನೂರಪ್ಪನನ್ನು ರಟ್ಟೆ ಹಿಡಿದು ವೇದಿಕೆಗೆ ಎಳೆದೊಯ್ದರು. ಶಾಲು ಹೊದಿಸಿ, ಫೋಟೋದವನು ಬರುವ ತನಕ ಹಾಗೇ ನಿಲ್ಲಿಸಿದರು. ಅವನ ಕಣ್ಣು ಕಣದ ತುದಿಯಲ್ಲಿದ್ದ ವಿಮಾನದ ಮೇಲೆಯೇ ಇತ್ತು. ಆದರೆ ಅಡ್ಡ ಗಣ್ಯರ ಬೆನ್ನುಗಳು.

ಆ ಹೊತ್ತಿನಲ್ಲೇ ಸಾಹುಕಾರನ ಬಾಲ ಹಿಡಿದುಕೊಂಡೇ ಬದುಕುವ ಮಾಳಿಂಗಪ್ಪ ವಿಮಾನದ ಹೊಟ್ಟೆ ತೆರೆದು ನೋಡಿದ. ಒಣಗಿದ ಎಸಳು! ಬಾಡಿದ ಹೂವನ್ನು ದೇವರ ಮೇಲಿಂದ ತೆಗೆದು ಹಾಕುತ್ತೇವೆಯೇ ಹೊರತು ಯಾರ ತಲೆಯ ಮೇಲೂ ಹಾಕುವುದಿಲ್ಲ. ಮಂಗಳ ಕಾರ್ಯದಲ್ಲಿ ಅಪಶಕುನ ಬೇರೆ. ಅವನ ಭಕ್ತಿ ಉಕ್ಕಿತು. ಎಸಳನ್ನೆಲ್ಲ ಸುರಿದು, ಹೂವಾಡಗಿತ್ತಿ ಬೆಳಗಿನಿಂದ ನೀರು ಚಿಮುಕಿಸುತ್ತ ಒದ್ದೆ ಬಟ್ಟೆಯಲ್ಲಿಟ್ಟಿದ್ದ ಗುಲಾಬಿ, ಸೇವಂತಿಗೆ ತುರುಕಿದ. ಮೇಲೊಂದಿಷ್ಟು ಪನ್ನೀರನ್ನೂ ಚಿಮುಕಿಸಿದನಂತೆ. ಇದೆಲ್ಲ ಆಮೇಲೆ ಅವನೇ ಹೆಮ್ಮೆಯಿಂದ ಹೇಳಿಕೊಂಡದ್ದು.

ಯಮನೂರಪ್ಪ ಓಡಿ ಬರುವ ಹೊತ್ತಿಗೆ ಬಾಜಾ ಶುರುವಾಗಿತ್ತು. "ಹಾರಸ್ಲೇ, ಹಾರಸು!" ಎಂದು ಮೈಕಿನಲ್ಲೇ ಕೂಗಾಟ. ಯಾವತ್ತೂ ಬೆರಳ ಮೇಲೆ ಎತ್ತಿ ನೋಡದೆ ಬಿಡದವನಿಗೆ ಅವತ್ತು ಎತ್ತಲು ಬಿಡಲಿಲ್ಲ. ಮಾಳಿಂಗಪ್ಪ ವಿಮಾನವನ್ನು ನೆಲಕ್ಕೊತ್ತಿ ಹಿಡಿದಿದ್ದ. ಎಂಜಿನ್ ಕಿರುಚಿತು, ವಿಮಾನ ಓಡಿತು. ಇಡೀ ಕಣ ಓಡಿದರೂ ಏಳಲಿಲ್ಲ. ಕಣದ ಅಂಚಿನಲ್ಲಿ ಕಷ್ಟಪಟ್ಟು ಎದ್ದು, ಕುಡುಕನ ಹಾಗೆ ವಾಲುತ್ತ ಜಮಖಾನೆಯ ಕಡೆಗೇ ತಿರುಗಿತು.

"ಯವ್ವಾ! ಏಳ್ರಿ, ಏಳ್ರಿ!" ಎಂದು ಯಂಕಮ್ಮ ಚೀರಿದಳು.

ಭಾರ ಇಳಿಸಲಿಕ್ಕೆ ಯಮನೂರಪ್ಪ ವಿಮಾನದ ಹೊಟ್ಟೆಯ ಬಾಗಿಲು ಬಿಟ್ಟ. ಒದ್ದೆ ಹೂವು ಮುದ್ದೆಯಾಗಿ ಕಚ್ಚಿಕೊಂಡಿತ್ತು, ಬೀಳಲಿಲ್ಲ. ಮುಂದೆ ಎರಡೇ ದಾರಿ: ಮಕ್ಕಳ ತಲೆ, ಇಲ್ಲವೇ ಗೋದಾಮಿನ ಕಲ್ಲುಗೋಡೆ. ಅವನು ಡಬ್ಬಿಯ ಮೇಲಿನ ತಿರುಗಿಸುವ ಕಡ್ಡಿಯನ್ನು ಪೂರ್ತಿ ಗೋಡೆಯ ಕಡೆ ಒತ್ತಿದ. ನಾನು ಪಕ್ಕದಲ್ಲೇ ಇದ್ದೆ. ಅವನ ಹೆಬ್ಬೆರಳು ಒಂದಿಷ್ಟೂ ಅನುಮಾನಿಸಲಿಲ್ಲ.

ಗೋಡೆಗೆ ಬಡಿದು ವಿಮಾನ ಚೂರುಚೂರಾಯಿತು. ಯಾರೊಬ್ಬರಿಗೂ ಗೀರು ಗಾಯವಿಲ್ಲ. ಯಮನೂರಪ್ಪ ಶಾಲು ಬಿಸಾಕಿ ಓಡಿದ. ಅವನಿಗಿಂತ ಮೊದಲು ಓಡಿದವರು ಸಾಹುಕಾರನ ಬಂಟರು. ಹೂವು ಆರಿಸಲಿಕ್ಕೆ! ಸ್ಪಂಜಿನಿಂದ ಸಿಡಿದು ಬಿದ್ದಿದ್ದ ರಿಸೀವರ್ ಮೇಲೆ ಮಾಳಿಂಗಪ್ಪನ ಕಾಲು ಬಿತ್ತು. ಕರಕ್ ಎಂದದ್ದು ನನಗೇ ಕೇಳಿಸಿತು. ಅವನು ಬಗ್ಗಿ ಕೂಡ ನೋಡಲಿಲ್ಲ. ಹೂವನ್ನೂ ಥರ್ಮಾಕೋಲ್ ಪುಡಿಯನ್ನೂ ಒಟ್ಟಿಗೇ ಬಾಚಿ ಬುಟ್ಟಿಗೆ ತುಂಬಿ, ವೇದಿಕೆಗೆ ಒಯ್ದು, ಸಾಹುಕಾರನ ತಲೆಯ ಮೇಲೆ ಸುರಿದರು. ಬಿಳಿ ಕಾಳು ಎಣ್ಣೆಗೂದಲಿಗೆ, ಮೀಸೆಗೆ, ಬೆವತ ಕುತ್ತಿಗೆಗೆ ಮೆತ್ತಿಕೊಂಡಿತು. ಕೊಡವಿದಷ್ಟೂ ಅಂಟಿತು. ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು. ಅವನು ಆ ವೇಷದಲ್ಲೇ ಫೋಟೋಕ್ಕೆ ಹಲ್ಲು ಕಿರಿದ. ನಾಚಿಕೆಗೆಟ್ಟವನು! ಯಮನೂರಪ್ಪ ಗೋಡೆಯ ಬುಡದಲ್ಲಿ ಕೂತು ಒಡೆದ ರಿಸೀವರಿನ ಚೂರುಗಳನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದ.

ಮತ್ತೆಷ್ಟು ಸಲ ಹೈದರಾಬಾದಿಗೆ ಹೋಗಿ ಬಂದನೋ, ಅಂಥದ್ದು ಸಿಗಲಿಲ್ಲ. ಡಬ್ಬಿ ಮಾತ್ರ ಅಂಗಡಿಯ ಹಲಗೆಯ ಮೇಲೆ ಬಹಳ ಕಾಲ ಕೂತಿತ್ತು. ಒಂದು ಸಂಜೆ ಮಲ್ಲಟದ ಬೂದೆಮ್ಮ ಎಂಬ ಮುದುಕಿ ಆಂಟೆನಾ ಮುರಿದ ಟ್ರಾನ್ಸಿಸ್ಟರ್ ತಂದಳು. ಯಮನೂರಪ್ಪ ಅಂಗಡಿಯೆಲ್ಲ ತಡಕಿದ. ಸರಿಹೊಂದುವುದು ಇರಲಿಲ್ಲ. ಕೊನೆಗೆ ಹಲಗೆಯ ಮೇಲಿನ ಡಬ್ಬಿ ಇಳಿಸಿ, ಅದರ ಉದ್ದನೆಯ ಆಂಟೆನಾ ಬಿಚ್ಚತೊಡಗಿದ.

"ಲೇ, ಅದನ್ಯಾಕ ಬಿಚ್ಚಾಕತ್ತೀಯೋ?" ಎಂದು ನಾನು ಬೇಲಿಯಾಚೆಯಿಂದ ಕೂಗಿದೆ.

"ಇರಲಿ ಬಿಡ್ರಿ ಮಾಸ್ತರ," ಎಂದ ಅವನು, ತಲೆ ಎತ್ತದೆ. "ಇದು ಹೇಳಿದ್ದು ಕೇಳಾಕ ಈಗ ಯಾರದಾರ?"