ಹುಳಮನೆ ಬಾಗಿಲಿಗೆ ಅಕ್ಕಯಮ್ಮನ ಅಂಗೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೇಲೂರಿನ ಅಂಚಿನಲ್ಲಿರುವ ಹಳೇ ಪಟೇಲರ ದೊಡ್ಡಮನೆಯಲ್ಲಿ ಅಕ್ಕಯಮ್ಮ ಅಂಗಳ ಗುಡಿಸಿ ಮುಗಿಸಿ, ಒಳಗಿನ ಕೋಣೆಯೊಂದರ ಹೊಸ್ತಿಲಿಗೆ ಅರಿಶಿನ ಬಳಿಯುತ್ತಿದ್ದಾರೆ. ಮೇಲೆ ಕುಂಕುಮದ ಬೊಟ್ಟು, ತುದಿಗೊಂದು ಕನಕಾಂಬರ. ಆಮೇಲೆ ಕೈ ತೊಳೆದು ಬಂದು, ಪೆಟ್ಟಿಗೆಯ ಹೆಡ್‌ಫೋನುಗಳನ್ನು ಒರೆಸಿ ಮೇಜಿನ ಮೇಲೆ ಜೋಡಿಸುತ್ತಾರೆ.

ಈಗ ಮ್ಯೂಸಿಯಂ ಆಗಿರುವ ಈ ಮನೆಗೆ ಗೈಡ್ ಇಲ್ಲ. ಬಂದವರು ಹೆಡ್‌ಫೋನ್ ಹಾಕಿಕೊಂಡು, ಕೋಣೆಗೊಂದು ಗುಂಡಿ ಒತ್ತಿ, ಕಥೆ ಕೇಳುತ್ತ ತಾವೇ ಸುತ್ತಬೇಕು. ಒಳ್ಳೆಯ ಏರ್ಪಾಡೇ. ಆದರೆ ಕಥೆ ಕೇಳುವ ಕಿವಿಗೆ ಪಕ್ಕದವರು ಕೂಗಿದ್ದು ಕೇಳಿಸುವುದಿಲ್ಲ. ಅರಿಶಿನದ ಹೊಸ್ತಿಲಿನ ಆ ಬಾಗಿಲು ಐದಡಿ ಎತ್ತರವೂ ಇಲ್ಲ. ನಮ್ಮ ಕಡೆಯವರು ಬಗ್ಗದವರೇನಲ್ಲ. ಬಗ್ಗುತ್ತಾರೆ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಭಕ್ತಿಯಿಂದ ನೆಟ್ಟಗೆ ಏಳುತ್ತಾರೆ. ಏಳುವಾಗ ತಲೆ ಸರಿಯಾಗಿ ಬಾಗಿಲುವಾಡದ ಮೇಲಿನ ಮರದ ಕೆಳಗಿರುತ್ತದೆ.

ಅದಕ್ಕೇ ಅಕ್ಕಯಮ್ಮ ಪಕ್ಕದಲ್ಲಿ ನಿಂತು ಆ ಮರಕ್ಕೆ ಅಂಗೈ ಒಡ್ಡುತ್ತಾರೆ. ಸಂಬಳ ಗುಡಿಸುವುದಕ್ಕೆ, ಒರೆಸುವುದಕ್ಕೆ ಮಾತ್ರ. ಭಾನುವಾರ ಇನ್ನೂರು ಜನ ಬಂದರೆ ಇನ್ನೂರು ತಲೆಗೂ ಅದೇ ಕೈ.

ಅರವತ್ತರ ಹತ್ತಿರದ ಅಕ್ಕಯಮ್ಮ ಮದುವೆಯಾದ ಹೊಸದರಲ್ಲಿ ಈ ಮನೆಗೆ ಕೂಲಿಗೆ ಬಂದವರು. ಆಗ ಆ ಕೋಣೆ ರೇಷ್ಮೆಹುಳು ಸಾಕುವ ಹುಳಮನೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹೊತ್ತೊತ್ತಿಗೆ ಹಾಕಬೇಕಿತ್ತು. ಗಂಡ ಕೋನಪ್ಪ ತೀರಿಕೊಂಡ ಮೇಲೆ ಮಗಳು ಅಮೃತಳನ್ನು ಬೆಳೆಸಿದ್ದೂ ಅದೇ ಕೂಲಿ. ಹೆಡ್‌ಫೋನಿನ ಧ್ವನಿಯಾದರೋ ಪಟೇಲರ ತೂಗುಮಂಚದ ವರ್ಣನೆ ಮುಗಿಸುವುದೇ ಇಲ್ಲ; ಹುಳಮನೆಗೆ ಎರಡು ಮಾತು.

ಈಗ ಆ ಎರಡು ಮಾತಿಗೂ ಸಂಚಕಾರ ಬಂದಿದೆ. ಹೋದ ತಿಂಗಳು ಅಕ್ಕಯಮ್ಮ ಹೊರಗಿದ್ದಾಗ ಒಬ್ಬರ ಹಣೆ ಒಡೆಯಿತು. ಇನ್ನೊಂದು ಸಲ ಹೀಗಾದರೆ ಕೋಣೆಗೆ ಬೀಗ ಎಂದು ಮ್ಯಾನೇಜರ್ ಮೋಹನ್‌ಬಾಬು ಹೇಳಿಬಿಟ್ಟಿದ್ದಾರೆ. ಅರಿಶಿನ ನಿಲ್ಲಿಸಿದರೆ ಜನ ಹೊಸ್ತಿಲು ಮುಟ್ಟುವುದಿಲ್ಲವಲ್ಲ ಎಂದೂ ಕೇಳಿದರಂತೆ.

“ಅನ್ನ ಕೊಟ್ಟ ಬಾಗ್ಲು ಸಾರ್ ಅದು. ಬೋಳು ಬಿಡಕ್ಕೆ ನನ್ ಕೈಲಾಗಲ್ಲ ಅಂದೆ” ಎನ್ನುತ್ತಾರೆ ಅಕ್ಕಯಮ್ಮ. ಅಂದದ್ದೇನೋ ಅಂದರು. ಅವತ್ತಿನಿಂದ ಅವರಿಗೆ ಒಳಗೊಳಗೇ ಹೆದರಿಕೆ. ಮಧ್ಯಾಹ್ನದ ಮುದ್ದೆಯನ್ನೂ ಬಾಗಿಲ ಪಕ್ಕವೇ ನಿಂತು ಉಣ್ಣುತ್ತಾರೆ.

ಈ ಭಾನುವಾರ ನಗರಗೆರೆಯಿಂದ ಬಂದ ಆಜಾನುಬಾಹು ಒಬ್ಬರು ಬಗ್ಗಿ ಹೊಸ್ತಿಲು ಮುಟ್ಟಿ ಕೈ ಮುಗಿದು ರಭಸದಿಂದ ಎದ್ದೇಬಿಡುತ್ತಾರೆ. ಧಡ್ ಎಂಬ ಸದ್ದು. ತಲೆಗೂ ಮರಕ್ಕೂ ನಡುವೆ ಅಕ್ಕಯಮ್ಮನ ಕೈ. ಹೆಡ್‌ಫೋನ್ ಕಿತ್ತು ಪೆಚ್ಚಾಗಿ ನಿಂತ ಆತನನ್ನು, ಒಳಗೆ ಹೋಗಿ ನೋಡಿಕೊಂಡು ಬಾರಪ್ಪ ಎಂದು ಅಕ್ಕಯಮ್ಮ ಕಳಿಸುತ್ತಾರೆ. ಸದ್ದು ಕೇಳಿ ಮೋಹನ್‌ಬಾಬು ಓಡಿ ಬರುವಷ್ಟರಲ್ಲಿ ಬೆರಳ ಗೆಣ್ಣುಗಳು ಊದಿಕೊಂಡಿವೆ. ಅಕ್ಕಯಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಯಾರಿಗೂ ಏನೂ ಆಗಿಲ್ಲ ಎನ್ನುತ್ತಾರೆ.

ಮ್ಯಾನೇಜರ್ ಅತ್ತ ಹೋದ ಮೇಲೆ ಕೈ ಹೊರಗೆ ಬರುತ್ತದೆ. ನೋವು ಮುಖದಲ್ಲೇ ಕಾಣುತ್ತದೆ. ನಿಮಗೇನು ಬೇಕು ಎಂದು ಕೇಳಿದರೆ, ಒಳಗೆ ನಿಂತು ಗೋಡೆ ನೋಡುತ್ತಿರುವ ಆ ನಗರಗೆರೆಯವರತ್ತ ಅಕ್ಕಯಮ್ಮ ಕಣ್ಣು ಹಾಯಿಸುತ್ತಾರೆ.

“ಬಾಗ್ಲು ತೆಗ್ದಿರ್ಲಿ, ಅಷ್ಟೇ. ಪಟೇಲ್ರು ಮಲಗ್ತಿದ್ದ ಮಂಚ ಎಲ್ರೂ ನೋಡ್ತಾರೆ. ನಾವು ನಿಂತು ಕೆಲ್ಸ ಮಾಡಿದ್ ಜಾಗಾನೂ ನೋಡ್ಕೊಂಡ್ ಹೋಗ್ಲಿ.”